ಬಾರದ ಕೂಸಿನ ತೂಕ

ನಾನು ಒಂದು ಪ್ಯಾಕೇಜು. ಕಂಪ್ಯೂಟರಿಗಾಗಿ ಬರೆದಿಟ್ಟ ಲೆಕ್ಕದ ವಿಧಾನ. ಇಂಥವನ್ನೆಲ್ಲ ಒಂದು ಸಾರ್ವಜನಿಕ ಭಂಡಾರದಲ್ಲಿ ಇಡುತ್ತಾರೆ; ಬೇಕಾದವರು ಇಳಿಸಿಕೊಂಡು ಬಳಸುತ್ತಾರೆ. ನನ್ನನ್ನು ಬರೆದವರು ಕೊಪ್ಪಳದ ರಜಿಯಾ ಮೇಡಂ. ಅಂಗನವಾಡಿ ಮಕ್ಕಳ ತಿಂಗಳ ತೂಕ ನೋಡಿ, ಯಾರು ಸೊರಗುತ್ತಿದ್ದಾರೆಂದು ಹೇಳುವುದು ನನ್ನ ಕೆಲಸ. ಕೂಡುವುದು, ಭಾಗಿಸುವುದು ಮಾತ್ರ ನನಗೆ ಬರುತ್ತಿರಲಿಲ್ಲ. ಅದಕ್ಕೆ ತಾಯಿ ಲೈಬ್ರರಿ ಇತ್ತು, ಎಲ್ಲರ ಮೂಲ ಲೆಕ್ಕವನ್ನೂ ಮಾಡಿಕೊಡುವ ದೊಡ್ಡ ಪ್ಯಾಕೇಜು. ನನ್ನಂಥ ನೂರಾರು ಪ್ಯಾಕೇಜುಗಳು ಅದರ ಸೊಂಟದ ಮೇಲೆಯೇ ಕುಳಿತಿದ್ದವು.

ಕೆಲಸ ಹೆಚ್ಚಾಗಿ ಮೇಡಂ ನನ್ನನ್ನು ದ್ಯಾಮಣ್ಣ ಮಾಸ್ತರ ಕೈಗಿಟ್ಟರು. ಕಾಲೇಜಿನಲ್ಲಿ ಪಾಠ, ಬಿಡುವಿನಲ್ಲಿ ನನ್ನ ರಿಪೇರಿ. ಅದಕ್ಕೆ ಸಂಬಳವಿಲ್ಲ, ಸಿಟ್ಟು ಮಾತ್ರ ಧಾರಾಳ.

ಒಂದು ದಿನ ತಾಯಿ ಲೈಬ್ರರಿ ನೋಡಿಕೊಳ್ಳುವವರು ಅದನ್ನೇ ಬದಲಿಸಿದರು. ಖಾಲಿ ಬಿಟ್ಟ ಜಾಗಕ್ಕೆಲ್ಲ ಅದು ತಾನೇ ಸೊನ್ನೆ ತುಂಬತೊಡಗಿತು. ಮಗು ಬಾರದ ತಿಂಗಳ ಜಾಗ ಖಾಲಿಯೇ ಇದೆಯೇ ಎಂದು ನೋಡುವ ಪರೀಕ್ಷೆಯೊಂದನ್ನು ಮೇಡಂ ನನ್ನೊಳಗೆ ಇಟ್ಟಿದ್ದರು. ಅದರಲ್ಲಿ ನಾನು ಫೇಲಾದೆ. ಸರಿಪಡಿಸದಿದ್ದರೆ ಸಾರ್ವಜನಿಕ ಭಂಡಾರದಿಂದ ಹೊರಗೆ ಎಂದು ನೋಟಿಸು ಬಂತು.

ಲೈಬ್ರರಿ, ಭಂಡಾರ ಎರಡನ್ನೂ ನೋಡಿಕೊಳ್ಳುವ ಮೈಸೂರಿನ ವಿಶಾಖ ಅವರಿಗೆ ಮಾಸ್ತರು ಫೋನ್ ಹಚ್ಚಿದರು.

"ಆ ಪರೀಕ್ಷೆ ಅಳಿಸಿಬಿಡಿ ಸಾರ್, ಪಾಸಾಗತ್ತೆ. ಎಲ್ಲರೂ ಹಾಗೇ ಮಾಡಿದಾರೆ. ಖಾಲಿ ಇದ್ರೆ ಲೆಕ್ಕ ಅಲ್ಲೇ ನಿಂತುಬಿಡತ್ತೆ."

"ನಿಲ್ಲಲಿ ಅಂತನ ಖಾಲಿ ಬಿಟ್ಟೀವ್ರೀ! ಬರಲಾರದ ಕೂಸು ಸೊನ್ನಿ ಕಿಲೋ ತೂಗತೈತೇನು? ಅದೇನು ಕೂಸೋ, ಊದಿದ ಬುಗ್ಗಿಯೋ?"

"ನಿಯಮ ಎಲ್ಲರಿಗೂ ಒಂದೇ ಸಾರ್. ಒಪ್ಪದಿದ್ರೆ ತೆಗೀಬೇಕಾಗತ್ತೆ."

"ತಗೀರಿ! ಸುಳ್ಳ ತೂಗಿ ನಿಮ್ಮ ಭಂಡಾರದಾಗ ಕುಂದ್ರೂದಕ್ಕಿಂತ ಬೀದಿ ಚಲೋ."

ತೆಗೆದರು. ಮಾಸ್ತರು ಹಲ್ಲು ಕಚ್ಚಿ ಕೂಡುವುದು, ಭಾಗಿಸುವುದು ಎರಡನ್ನೂ ನನಗೇ ಕಲಿಸಿದರು. ತಾಯಿ ಲೈಬ್ರರಿಯ ಹಂಗು ತಪ್ಪಿತು, ಖಾಲಿ ಜಾಗ ಖಾಲಿಯೇ ಉಳಿಯಿತು, ಪರೀಕ್ಷೆಯಲ್ಲಿ ಪಾಸಾದೆ. ಆಮೇಲೆ ವಿಶಾಖ ಅವರೇ ಫೋನ್ ಮಾಡಿ, "ಈಗ ಪಾಸಾಗಿದೆಯಲ್ಲ ಸಾರ್, ವಾಪಸ್ ಬನ್ನಿ" ಎಂದರು.

"ಮದಲ ಆ ಸೊನ್ನಿ ತಗೀರಿ, ಆಮ್ಯಾಲ ಬರತೀನಿ" ಎಂದು ಮಾಸ್ತರು ಫೋನ್ ಇಟ್ಟರು.

ಈಗ ನಾನಿರುವುದು ಕಾಲೇಜಿನ ಮೂಲೆಯ ಒಂದು ಕಂಪ್ಯೂಟರಿನಲ್ಲಿ. ಬೇಕಾದವರು ಮಾಸ್ತರನ್ನೇ ಕೇಳಬೇಕು. ಮೊದಲು ಬೈಗುಳ ಸಿಗುತ್ತದೆ, ನಂತರ ನಾನು. ಮುದಿಯಾಗಿದ್ದೇನೆ, ನಿಧಾನವೂ ಹೌದು. ಹಳೆಯದು ಎನ್ನುತ್ತಾರೆ. ಎನ್ನಲಿ. ನಾನು ಯಾರ ಸೊಂಟದ ಮೇಲೂ ಇಲ್ಲ.

ಮೊನ್ನೆ ಯಲಬುರ್ಗಾದ ಅಂಗನವಾಡಿ ಮೇಲ್ವಿಚಾರಕಿ ಸಾವಂತ್ರವ್ವ ಕೇಳಿದರು: "ಸರ, ಹೊಸಾ ಪ್ಯಾಕೇಜಿನ್ಯಾಗ ಒಂದೂ ಜಾಗ ಖಾಲಿ ಇಲ್ಲ, ಸೊನ್ನಿನೂ ಕೂಡಿಸಿ ಸರಾಸರಿ ಅಷ್ಟ ಕೊಡತೈತಿ. ಯಾವ ಕೂಸು ಬಂದಿಲ್ಲಂತ ಹೆಂಗ ತಿಳೀಬೇಕು?"

ಮಾಸ್ತರು ನನ್ನನ್ನು ಕಳಿಸಿದರು. ಹೆಸರು ಹೆಸರಾಗಿ ನೋಡುತ್ತ ಹೋದೆ. ದುರುಗಮ್ಮ, ಎರಡು ವರ್ಷ. ತೂಕವಿಲ್ಲ. ಅಲ್ಲೇ ನಿಂತೆ; ಒಂದು ಹೆಜ್ಜೆಯೂ ಮುಂದೆ ಸರಿಯಲಿಲ್ಲ.

ಸಾವಂತ್ರವ್ವ ತಕ್ಕಡಿ ಎತ್ತಿಕೊಂಡು ಆ ಮನೆಗೆ ಹೊರಟರು.