ದೊರೆಯ ಕವಚದೊಳಗೆ ಅಂಬಿಗ

"ಉಸಿರು ಬಿಗಿ ಹಿಡಿಯೋ ಮಾರಾಯ!" ಎನ್ನುತ್ತ ದೊರೆಸಾನಿ ಎರ್ಸಾಂದ್ ಉಕ್ಕಿನ ಕವಚದ ಪಟ್ಟಿಯನ್ನು ತಾನೇ ಜಗ್ಗಿದಳು.

"ಹಿಡ್ದೇ ಇದೀನಿ ಅಮ್ಮಾವ್ರೇ. ಹೊಟ್ಟೆ ಕೇಳ್ಬೇಕಲ್ಲ!" ಎಂದ ಅಂಬಿಗ ಒಬೆರ್.

ಡ್ಯೂಕ್ ಗೋಸ್ಲೆನ್‌ನ ಶವ ಆಗಲೇ ಮಠದ ಇಗರ್ಜಿ ಸೇರಿತ್ತು. ಪದ್ಧತಿಯ ಪ್ರಕಾರ ಸತ್ತ ದೊರೆಯ ಕವಚ ತೊಟ್ಟು, ಶಿರಸ್ತ್ರಾಣದಿಂದ ಮುಖ ಮುಚ್ಚಿಕೊಂಡು, ಅವನದೇ ಕುದುರೆಯೇರಿ ಯಾರಾದರೂ ಇಗರ್ಜಿಯೊಳಗೆ ಹೋಗಬೇಕು; ಕುದುರೆ, ಕವಚ ಎರಡನ್ನೂ ದೇವರಿಗೆ ಒಪ್ಪಿಸಬೇಕು. ಆಮೇಲೆಯೇ ಮಣ್ಣು ಮಾಡುವುದು. ಆ ಸವಾರ ಸತ್ತವನ ಲೆಕ್ಕ, ಹಾಗಾಗಿ ಅವನು ತುಟಿ ಬಿಚ್ಚುವಂತಿಲ್ಲ. ಆದರೆ ದೊರೆ ಕುಳ್ಳ, ಮೇಲಾಗಿ ಗುಂಡಗೆ. ಸರದಾರರೆಲ್ಲ ತೆಂಗಿನಮರದ ಹಾಗೆ ಬೆಳೆದವರು, ಒಬ್ಬನಿಗೂ ಕವಚ ಹಿಡಿಸಲಿಲ್ಲ. ದೊರೆಗೆ ಎದೆಹಾಲು ಕೊಟ್ಟ ದಾದಿಯ ಮಗ ಒಬೆರ್‌ಗೆ ಮಾತ್ರ, ಅಂತೂ ಇಂತೂ, ಹಿಡಿಸಿತು.

ಮಗ ತಿಯೆರಿ ಬಾಗಿಲಲ್ಲಿ ನಿಂತು ಹಲ್ಲು ಕಡಿಯುತ್ತಿದ್ದ. ಇನ್ನು ಮುಂದೆ ಡ್ಯೂಕ್ ಅವನೇ.

"ದೋಣಿಯೋನು ಅಪ್ಪನ ಕವಚ ಹಾಕ್ಕೋಬೇಕಾ? ಹೋಗ್ಲಿ, ಬೇರೆ ದಾರಿ ಇಲ್ಲ ಅಂತಿಟ್ಕೊಳ್ಳೋಣ. ಕುದುರೆನಾದ್ರೂ ನನ್ನದು ತಗೊಳ್ಳಿ ಅಮ್ಮಾ. ಆ ಮುದಿ ಹೆಣ್ಗುದುರೆ ನೋಡಿದ್ರೆ ಬಂದ ನೆಂಟರೆಲ್ಲ ನಗ್ತಾರೆ."

"ನಿಮ್ಮಪ್ಪ ಹತ್ತುತ್ತಿದ್ದದ್ದು ಅದನ್ನೇ."

"ಅದಕ್ಕೇ ನಗ್ತಾರೆ ಅಂದಿದ್ದು! ಒಂದು ಯುದ್ಧ ಗೆದ್ದೋರಲ್ಲ, ಒಂದು ಕೋಟೆ ಹಿಡಿದೋರಲ್ಲ. ಇವತ್ತು ಏನಂತ ಹೊಗಳೋದು ಅಂತ ಹಿರೀ ಪಾದ್ರಿಗಳು ಮೊನ್ನೆಯಿಂದ ತಲೆ ಕೆರ್ಕೋತಿದಾರೆ."

ಎರ್ಸಾಂದ್‌ಗೆ ಚುರುಕ್ಕೆಂದಿತು. ಗಂಡ ತುಂಬು ವಯಸ್ಸಿನಲ್ಲಿ, ಪೇರಳೆ ಹಣ್ಣು ತಿನ್ನುತ್ತ ಕಣ್ಣು ಮುಚ್ಚಿದ್ದ. ಆ ದುಃಖವನ್ನು ಹೇಗೋ ನುಂಗಿಕೊಳ್ಳಬಹುದು. ಹೆತ್ತ ಮಗನೇ ಅಪ್ಪನ ಹೆಸರೆತ್ತಿದರೆ ತಲೆ ತಗ್ಗಿಸುವುದನ್ನು ನೋಡಿಕೊಂಡು ಉಳಿದ ಆಯುಷ್ಯ ಕಳೆಯುವುದು ಹೇಗೆ? ಇವತ್ತು ಒಂದು ದಿನವಾದರೂ ಅವನು ತಲೆಯೆತ್ತಿ ಆ ಕುದುರೆಯ ಜೊತೆ ನಡೆಯಲಿ ಎಂದು ಅವಳು ಬೆಳಗಿನಿಂದ ಬೇಡಿಕೊಳ್ಳುತ್ತಿದ್ದಳು.

"ಲಗಾಮು ಹಿಡ್ಕೊಂಡು ನಡಿ," ಎಂದಳು.

*

ತಿಯೆರಿ ತೊಟ್ಟಿಲಲ್ಲಿದ್ದ ಕಾಲ. ನೆರೆಸೀಮೆಯ ಒಡೆಯ ಕೌಂಟ್ ದಂಡು ಕಟ್ಟಿಕೊಂಡು ಹೊಳೆಯಾಚೆ ಬೀಡುಬಿಟ್ಟಿದ್ದ. ಇತ್ತ ಸರದಾರರು ಕತ್ತಿ ಮಸೆಯುತ್ತಿದ್ದರೆ, ಗೋಸ್ಲೆನ್ ಒಂದು ಪೀಪಾಯಿ ಸೇಬಿನ ಹೆಂಡ ಹೇರಿಸಿಕೊಂಡು ಒಬೆರ್‌ನ ದೋಣಿ ಹತ್ತಿಬಿಟ್ಟ. ಸಂಜೆ ಇಬ್ಬರೂ ತೂರಾಡುತ್ತ ವಾಪಸು ಬಂದರು. ಪೀಪಾಯಿ ಬರಲಿಲ್ಲ.

"ಯುದ್ಧ ಏನಾಯ್ತು?" ಎಂದು ಎರ್ಸಾಂದ್ ಸೊಂಟಕ್ಕೆ ಕೈಯಿಟ್ಟು ಕೇಳಿದಳು.

"ಹುಲ್ಲು ಕೊಯ್ಯೋ ಕಾಲ ಕಣೇ ಇದು. ನಮ್ಮೋರಿಗೂ ಕೊಯ್ಲಿದೆ, ಅವನ ಕಡೆಯೋರಿಗೂ ಇದೆ. ಕೂತು ಮಾತಾಡಿದ್ವಿ, ಅವನಿಗೂ ಹೌದನ್ನಿಸ್ತು. ಆಚೆ ದಡದ ಹುಲ್ಲುಗಾವಲು ಬಿಟ್ಟುಕೊಟ್ಟೆ."

"ಬಿಟ್ಟುಕೊಟ್ರಾ!"

"ಹೆಣ ಹೂಳೋಕಿಂತ ವಾಸಿ ಅಲ್ವೇನೇ?"

ಸರದಾರರು ತಿಂಗಳುಗಟ್ಟಲೆ ಮುಖ ಗಂಟಿಕ್ಕಿಕೊಂಡಿದ್ದರು. ಆ ವರ್ಷ ಕಣಜ, ಕೊಟ್ಟಿಗೆ ಎಲ್ಲ ತುಂಬಿದವು.

*

ಇಗರ್ಜಿಯ ದಾರಿಯ ಎರಡೂ ಬದಿಗೆ ಜನವೋ ಜನ. ತಿಯೆರಿ ನೆಲ ನೋಡುತ್ತ ಲಗಾಮು ಹಿಡಿದು ನಡೆಯುತ್ತಿದ್ದ. ಹಿಂದೆಯೇ ಎರ್ಸಾಂದ್. ಗುಂಪಿನಿಂದ ಒಬ್ಬಳು ಮುದುಕಿ ಕೈಯೆತ್ತಿದಳು, ಕುದುರೆ ಗಕ್ಕನೆ ನಿಂತಿತು.

ಅಯ್ಯೋ, ಅದೇನು ಮಾಡೀತು ಪಾಪ! ಯಾರು ಕೈಯೆತ್ತಿದರೂ ನಿಂತು, ಬೆನ್ನಮೇಲಿನವನು ಕೇಳಿ ಮುಗಿಸುವ ತನಕ ಕಾಯುವುದೇ ಅದಕ್ಕೆ ಮರಿಯಾಗಿದ್ದಾಗಿನಿಂದ ಬಂದ ಅಭ್ಯಾಸ.

ಮುದುಕಿ ಮುಚ್ಚಿದ ಶಿರಸ್ತ್ರಾಣದತ್ತ ಮುಖವೆತ್ತಿ ಶುರು ಮಾಡಿಯೇಬಿಟ್ಟಳು. "ದೊರೆಗಳೇ, ಗಿರಣಿಯೋನು ನನ್ನ ಬಾತುಕೋಳಿಗಳನ್ನ ಕಾಲುವೆಗೆ ಇಳಿಯೋಕೇ ಬಿಡ್ತಿಲ್ಲ."

"ಅಜ್ಜೀ, ದೊರೆ ಒಳಗೆ ಮಲಗಿದಾರೆ! ಇವ್ನು ದೋಣಿ ಒಬೆರ್ ಕಣಜ್ಜೀ!" ಎಂದು ಯಾರೋ ಕೂಗಿದರು.

"ಗೊತ್ತು ಸುಮ್ನಿರೋ. ದೊರೆ ಹೋದ್ರು ಅಂತ ಬಾತುಗಳು ಈಜೋದು ಬಿಡ್ತವಾ? ಮುಂದಿನ ವಾರ ಬಾ ಅಂದಿದ್ರು, ಬಂದಿದೀನಿ. ಮಣ್ಣಿಗೆ ಹೋಗೋ ಮುಂಚೆ ಹೇಳ್ಬೇಕಲ್ಲ."

ತಿಯೆರಿ ಲಗಾಮು ಜಗ್ಗಿದ. ಕುದುರೆ ಒಂದು ಕಾಲನ್ನೂ ಕದಲಿಸಲಿಲ್ಲ. ನೆಂಟರ ಸಾಲಿನಲ್ಲಿ ಕೆಲವರು ಕಿಸಕ್ಕೆಂದರು. ಸರದಾರನೊಬ್ಬ ಚಾಟಿ ಎತ್ತಿದ.

"ಹೊಡೀಬೇಡಿ," ಎಂದ ತಿಯೆರಿ. ಅವನ ಕಿವಿ ಕೆಂಪಾಗಿತ್ತು.

ಒಬೆರ್ ಕವಚದೊಳಗೆ ಮಿಸುಕಾಡಿದ, ಬಾಯಿ ಬಿಡುವಂತಿರಲಿಲ್ಲ. ಮಗ ತಾಯಿಯ ಕಡೆ ತಿರುಗಿದ. ಮಾತು ಎರ್ಸಾಂದ್‌ಳ ನಾಲಗೆಯ ತುದಿಗೇ ಬಂದಿತ್ತು. ಅವಳು ತುಟಿ ಕಚ್ಚಿ ನಿಂತಳು.

ತಿಯೆರಿ ಸುತ್ತ ನೋಡಿದ. ನೆಂಟರು ನಗುತ್ತಿದ್ದರು. ಊರಿನವರು ಯಾರೂ ನಗುತ್ತಿರಲಿಲ್ಲ, ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ಅವನು ಮುದುಕಿಯತ್ತ ಬಗ್ಗಿದ.

"ಯಾವ ಗಿರಣಿಯೋನು ಅಜ್ಜಿ?"

"ಕೆಳಗಿನ ಸೇತುವೆಯೋನು, ನನ್ನಪ್ಪಾ."

"ನಾಳೆ ನಾನೇ ಬರ್ತೀನಿ. ನೋಡೋಣ."

ಕುದುರೆ ಕತ್ತು ಕೊಡವಿ ಹೆಜ್ಜೆ ಹಾಕಿತು. ಇಗರ್ಜಿಯ ಬಾಗಿಲಲ್ಲಿ ಹಿರಿಯ ಪಾದ್ರಿ ಬೇಗ ಬನ್ನಿ ಎಂದು ಸನ್ನೆ ಮಾಡುತ್ತಿದ್ದರು. ಸ್ವಲ್ಪ ಮುಂದೆ ಕುಂಟ ಬಡಗಿಯೊಬ್ಬ ಹೆದರುತ್ತಲೇ ಕೈ ಎತ್ತಿದ. ಕುದುರೆ ಮತ್ತೆ ನಿಂತಿತು.

ಈ ಸಲ ತಿಯೆರಿ ಲಗಾಮು ಜಗ್ಗಲಿಲ್ಲ. ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, "ಹೇಳಪ್ಪಾ," ಎಂದ.