ಗಾಳಿಯಿಲ್ಲದೆ ಬೆಳೆದ ಹರಳು

ಪ್ರಯೋಗಾಲಯದ ಕುಲುಮೆ ನೋಡಿಕೊಳ್ಳುವ ಫರ್ನೆಸ್ ಮಾವ ಸತುವಿನ ಪುಡಿಯ ಮೇಲೆ ಒಮ್ಮೆ ಉಸಿರುಬಿಟ್ಟರೆ ಊಟದ ಹೊತ್ತಿಗೆ ನೂರು ಕೋಟಿ ಹೂ ಅರಳುತ್ತಿದ್ದವು. ಸೂಕ್ಷ್ಮದರ್ಶಕದ ಪರದೆಯಲ್ಲಿ ಆ ತೋಟ ಕಂಡ ಜೇನುಹುಳಗಳು ಕಿಟಕಿಯಿಂದ ನುಗ್ಗಿ ಗಾಜಿಗೆ ತಲೆ ಚಚ್ಚಿಕೊಂಡು ಸತ್ತವು. ಗುಡಿಸುವವಳು ಮೂರು ಮೊರ ಹೆಣ ಹೊತ್ತು ಹಾಕಿದಳು. ನಂಬದವರು ಅವಳನ್ನೇ ಕೇಳಲಿ. ಅವಳು ಕೆಲಸ ಬಿಟ್ಟು ಎಲ್ಲಿಗೆ ಹೋದಳೋ ಯಾರಿಗೂ ಗೊತ್ತಿಲ್ಲ, ಅದು ಬೇರೆ ಮಾತು.

ಹೂವೆಂದರೆ ಹರಳು, ಕೂದಲನ್ನು ಸಾವಿರ ಸೀಳು ಮಾಡಿದಷ್ಟು ಸಪೂರ ಕಡ್ಡಿಗಳು. ಗಾಜಿನಂಥ ಕೊಳವೆಯೊಳಗೆ ಪುಟ್ಟ ದೋಣಿಯಲ್ಲಿ ಸತುವಿನ ಆಕ್ಸೈಡನ್ನೂ ಇದ್ದಿಲ ಪುಡಿಯನ್ನೂ ಇಟ್ಟು, ಪಂಪಿನಿಂದ ಗಾಳಿ ಎಳೆದು, ಒಂಬೈನೂರು ಡಿಗ್ರಿಗೆ ಕಾಯಿಸಬೇಕು. ಸತು ಆವಿಯಾಗಿ, ಆರ್ಗಾನ್ ಅನಿಲದ ಬೆನ್ನೇರಿ ಹೋಗಿ, ತುಸು ತಂಪಾದ ಕಡೆ ಇಟ್ಟ ಸಿಲಿಕಾನ್ ಚೂರಿನ ಮೇಲೆ ಕೂತು ಬೆಳೆಯುತ್ತದೆ. ಬೆಳೆಯಲು ಚಿಟಿಕೆಯಷ್ಟು ಆಮ್ಲಜನಕವನ್ನೂ ಬಿಡಬೇಕೆಂದು ಲೋಕವೆಲ್ಲ ನಂಬಿತ್ತು. ಬೇಡವೇ ಬೇಡ ಎಂದವಳು ಮಾವನ ತಂಗಿಯ ಮಗಳು. ಅವಳ ಐದು ವರ್ಷದ ಪಿಎಚ್‌ಡಿ ನಿಂತಿದ್ದು ಆ ಒಂದು ಮಾತಿನ ಮೇಲೆ. ಅವಳು ಮಾವ ಎಂದಳೆಂದು ಪ್ರಯೋಗಾಲಯವೆಲ್ಲ ಅವರನ್ನು ಮಾವ ಎನ್ನುತ್ತಿತ್ತು.

“ಎಲ್ಲಾ ಕೈಗುಣ ಕಣಯ್ಯ,” ಎನ್ನುತ್ತಿದ್ದರು ಮಾವ, ಕ್ಯಾಂಟೀನಿನಲ್ಲಿ. “ನಾನು ಮುಚ್ಚಿದ ಕೊಳವೇಲಿ ಕಲ್ಲೂ ಚಿಗುರುತ್ತೆ.”

“ಹಾಗಾದ್ರೆ ಮೊದ್ಲು ಆ ಬೋಳುತಲೆ ಮೇಲೆ ನಾಕು ಕೂದಲು ಬೆಳೆಸ್ಕೊಳ್ಳಿ ಮಾವ,” ಎಂದ ಸಿಲಿಂಡರ್ ತರುವವನು.

ಅವಳ ಪ್ರಬಂಧದ ಪರೀಕ್ಷಕರ ಪತ್ರ ಬಂತು. ಸೋಮವಾರ ಬರುತ್ತೇನೆ, ಹೊಸ ಫರ್ನೆಸ್ಸಿನಲ್ಲಿ ನನ್ನ ಕಣ್ಣೆದುರಿಗೆ ಒಂದು ಸಲ ಬೆಳೆಸಿ ತೋರಿಸಿ ಎಂದಿದ್ದರು. ಅದುವರೆಗೆ ಹರಳು ಬೆಳೆದಿದ್ದೆಲ್ಲ ಮಾವನ ಹಳೆಯ ಫರ್ನೆಸ್ಸಿನಲ್ಲಿ. ಅವಳು ಹೊಸದರಲ್ಲಿ ಒಂಬತ್ತು ಸಲ ಪ್ರಯತ್ನಿಸಿದಳು. ಒಂಬತ್ತು ಸಲವೂ ತಳಹಿಡಿದ ಪಾತ್ರೆಯಂಥ ಬೂದು ಪೊರೆ, ಹರಳಿನ ಸುಳಿವಿಲ್ಲ.

ಗುರುವಾರ ಬೆಳಿಗ್ಗೆ ಅವಳು ಹಳೆಯ ಫರ್ನೆಸ್ಸಿನ ಕೋಣೆಗೆ ಬಂದಳು. ಕೈಯಲ್ಲಿ ಸೋಪುನೀರಿನ ಬಟ್ಟಲು, ಒಂದು ಕುಂಚ.

“ಅದನ್ಯಾಕೆ ಒದ್ದೆ ಮಾಡ್ತೀಯ? ಮುದುಕಿ ಅದು, ಶೀತ ಆಗುತ್ತೆ,” ಎಂದರು ಮಾವ.

ಅವಳು ನಗಲಿಲ್ಲ. ಪಂಪು ನಿಲ್ಲಿಸಿ, ಕೊಳವೆಗೆ ಆರ್ಗಾನ್ ತುಂಬಿಸಿ, ತುದಿಯಲ್ಲಿ ಗಾಳಿ ನುಸುಳದಂತೆ ಹಾಕಿದ್ದ ರಬ್ಬರ್ ಬಳೆಯ ಸುತ್ತ ಕುಂಚ ಆಡಿಸಿದಳು. ಒಂದು ಗುಳ್ಳೆ ಎದ್ದಿತು. ಆನೆಯಷ್ಟಿತ್ತು ಎನ್ನಬಹುದಿತ್ತು. ಕಡಲೆಕಾಳಿನಷ್ಟಿತ್ತು.

ಅವಳು ಬಳೆಯ ಮೇಲಿನ ಟೇಪನ್ನು ಉಗುರಿನಿಂದ ಎಬ್ಬಿಸಿ ಬಿಚ್ಚಿದಳು. ಕೆಳಗೆ ರಬ್ಬರು ಸೀಳಿತ್ತು.

“ಪಂಪು ಓಡುವಾಗ ಇಲ್ಲಿಂದ ಗಾಳಿ ಒಳಗೆ ಹೋಗ್ತಿತ್ತು, ಅದರಲ್ಲಿರೋ ಆಮ್ಲಜನಕಾನೂ.”

“ರಬ್ಬರ್ ಅಲ್ವಾ, ನಿನ್ನೆ ಮೊನ್ನೆ ಸೀಳಿರ್ಬೇಕು.”

“ಬಿಳಿ ಟೇಪು ಹಳದಿ ಆಗಿದೆ ಮಾವ.”

ಮಾವ ಸ್ಟೂಲಿನ ಮೇಲೆ ಕುಳಿತರು. ನಾಲಿಗೆಯ ತುದಿಗೆ ಇನ್ನೊಂದು ಕಥೆ ಬಂದಿತ್ತು, ಸಿಡಿಲಿನದು. ಅವಳ ಮುಖ ನೋಡಿ ನುಂಗಿಕೊಂಡರು.

“ಯಾವಾಗಿಂದ ಗೊತ್ತಿತ್ತು?”

“ನಿನ್ನ ಮೊದಲ್ನೇ ಹರಳಿಗಿಂತ ಮುಂಚೆ.”

ಅವಳು ಗೋಡೆಗೆ ಒರಗಿದಳು.

“ರಬ್ಬರ್ ಸೀಳಿದ್ದಕ್ಕೆ ಮೂರು ಸುತ್ತು ಟೇಪು ಹಾಕಿದ್ದೆ,” ಎಂದರು ಮಾವ. “ಆರು ತಿಂಗಳು ಏನೂ ಬರ್ಲಿಲ್ಲ, ನೀನು ಇದೇ ಸ್ಟೂಲ್ ಮೇಲೆ ಅಳ್ತಾ ಕೂತಿದ್ದೆ. ಒಂದು ಸುತ್ತು ಬಿಚ್ಚಿದೆ. ಮಾರನೇ ದಿನ ಬಂತು. ಗಾಳಿ ಇಲ್ದೆ ಬೆಳೀತು ಅಂತ ನೀನು ಕುಣಿದೆ.”

“ಆಗ್ಲೇ ಹೇಳ್ಬೇಕಿತ್ತು.”

“ಸಂಜೆ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ದೊಡ್ಡ ಸಾಹೇಬ್ರು ಬಂದು ನನ್ನ ಕೈ ಕುಲುಕಿದ್ರು. ಇಪ್ಪತ್ತಾರು ವರ್ಷದಲ್ಲಿ ಮೊದಲ್ನೇ ಸಲ ಕಣಮ್ಮ. ಅದುವರೆಗೂ ಅವ್ರಿಗೆ ನನ್ನ ಮುಖಾನೇ ಗೊತ್ತಿರ್ಲಿಲ್ಲ.”

“ನಾನು ಐದು ವರ್ಷ ಸುಳ್ಳು ಬರ್ದೆ.”

“ನೀನು ಕಂಡಿದ್ದು ಬರ್ದೆ. ಸುಳ್ಳು ನಂದು.”

“ಪದವಿ ಮಾತ್ರ ನಂದು ಹೋಗೋದು.”

ಅವಳು ಪ್ರತಿ ಪ್ರಯೋಗವನ್ನೂ ಬರೆದಿಡುವ ಕೊಳವೆಯ ದಿನಚರಿ ಪುಸ್ತಕ ತೆರೆದು, ಪೆನ್ನನ್ನು ಅದರ ಮೇಲಿಟ್ಟು, ಅವರತ್ತ ನೋಡದೆ ಕಿಟಕಿಯ ಬಳಿ ಹೋಗಿ ನಿಂತಳು.

ಮಾವ ಬರೆದರು: “ರಬ್ಬರ್ ಬಳೆ ಮೊದಲಿನಿಂದಲೂ ಸೀಳಿತ್ತು. ಗಾಳಿ ಒಳಗೆ ಬರುವಂತೆ ಟೇಪನ್ನು ನಾನೇ ಸಡಿಲ ಮಾಡಿದೆ. ಹುಡುಗಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.”