ರೈಟ್ ಅಂದವನು

ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಇಸಿಜಿ ಕೋಣೆಯಿಂದ ಹೊರಬಂದ ಮುನಿಯಣ್ಣನಿಗೆ ಎದುರಿನ ಕುರ್ಚಿಯಲ್ಲಿ ಗಯಾಸ್ ಕಂಡ. ಎದೆಗೆ ಹಚ್ಚಿದ ಜೆಲ್ಲು ಇನ್ನೂ ಅಂಟಂಟಾಗಿತ್ತು. ಒಳಗಿದ್ದ ಹುಡುಗಿ ಪಟ್ಟಿ ಹರಿದು ಕೊಡುತ್ತ, "ಬಡಿತ ಮತ್ತೆ ಏರುಪೇರಾಗಿದೆ ಅಂಕಲ್, ಡಾಕ್ಟರ್‌ಗೆ ತೋರ್ಸಿ" ಎಂದಿದ್ದಳು. ಹಳೆಯ ಗೆಳೆಯನ ಮುಖ ನೋಡಿ ಈಗ ಹೋದ ಜೀವ ಬಂದಂತಾಯಿತು.

"ನಾನಿಲ್ಲಿದೀನಿ ಅಂತ ನಮ್ಮನೆಯವ್ಳು ನಾರಾಯಣಮ್ಮ ಹೇಳಿದ್ಲಾ?"

ಗಯಾಸ್ ತೊಡೆಯ ಮೇಲಿದ್ದ ಫೈಲನ್ನು ಮೆಲ್ಲಗೆ ಕಂಕುಳಿಗೆ ಸರಿಸಿದ. ಅಷ್ಟರಲ್ಲಿ ನರ್ಸ್ ಬಂದು, "ಗಯಾಸ್ ಅನ್ನೋರು ನೀವೇನಾ? ಎರಡ್ನೇ ಸಲದ ಅಬ್ಲೇಷನ್ನು, ಸೋಮವಾರ ಅಡ್ಮಿಷನ್. ಈಗೊಂದು ಇಸಿಜಿ ಮಾಡಿಸ್ಕೊಳ್ಳಿ" ಎಂದಳು.

ಎರಡನೇ ಸಲ ಎಂದರೆ ಮೊದಲನೆಯದು ಕೈಕೊಟ್ಟಿದೆ ಎಂದೇ ಅರ್ಥ. ಅಷ್ಟು ತಿಳಿಯಲು ಮುನಿಯಣ್ಣನಿಗೆ ಡಾಕ್ಟರೇನೂ ಬೇಕಾಗಿರಲಿಲ್ಲ.

ಸಿಟಿ ಬಸ್ಸಿನಲ್ಲಿ ಇಬ್ಬರದೂ ಜೋಡಿ ಡ್ಯೂಟಿ. ಸ್ಟೀರಿಂಗ್ ಹಿಡಿದವನು ಮುನಿಯಣ್ಣ, ಟಿಕೆಟ್ ಹರಿದವನು ಗಯಾಸ್. ಹಿಂದಿನ ಬಾಗಿಲಲ್ಲಿ ಎಂಥ ನೂಕುನುಗ್ಗಲಿರಲಿ, ಗಯಾಸ್ "ರೈಟ್" ಅಂದರೆ ಮುನಿಯಣ್ಣ ಗೇರ್ ಹಾಕುತ್ತಿದ್ದ, "ಹೋಲ್ಡಾನ್" ಅಂದರೆ ಬ್ರೇಕ್ ಒತ್ತುತ್ತಿದ್ದ. ಒಮ್ಮೆಯೂ ತಿರುಗಿ ನೋಡಿದವನಲ್ಲ. ರಿಟೈರಾದ ಮೇಲೆ ಇಬ್ಬರಿಗೂ ಎದೆಬಡಿತ ತಾಳ ತಪ್ಪುವ ಒಂದೇ ಕಾಯಿಲೆ ಬಂತು. ಇದರಲ್ಲೂ ಜೋಡಿ ಡ್ಯೂಟಿನೇನ್ರೋ ಎಂದು ಡಿಪೋದವರು ಛೇಡಿಸಿದ್ದರು.

ಬಡಿತ ಸರಿಮಾಡುವ ಈ ಅಬ್ಲೇಷನ್‌ಗೆ ಡಾಕ್ಟರು ಮುನಿಯಣ್ಣನಿಗೆ ಎರಡು ದಾರಿ ಹೇಳಿದ್ದರು. ಎರಡರಲ್ಲೂ ತೊಡೆಯಿಂದ ಸಣ್ಣ ನಳಿಗೆ ಹೃದಯದ ತನಕ ಹೋಗುತ್ತದೆ. ಶ್ವಾಸಕೋಶದಿಂದ ಬರುವ ರಕ್ತನಾಳಗಳ ಬಾಯಿಗೆ ಬಲೂನಿಟ್ಟು ಆ ಜಾಗವನ್ನಷ್ಟೇ ಹಿಮಗಟ್ಟಿಸಿ ಬಿಡುವುದು ಒಂದು. ಆ ಬಾಯಿಗಳ ಸುತ್ತ ಸುಟ್ಟು, ಜೊತೆಗೆ ಹೃದಯದ ಹಿಂಗೋಡೆಯನ್ನೂ ಸುಡುವುದು ಇನ್ನೊಂದು. "ನಿಮ್ ಥರ ಬಹಳ ದಿನದಿಂದ ಕಾಯಿಲೆ ಇರೋರಿಗೆ ಇಂಥದ್ದೇ ಮೇಲು ಅಂತ ನಾನು ಪ್ರಮಾಣ ಮಾಡಕ್ಕಾಗಲ್ಲ. ಎರಡ್ರಲ್ಲೂ ಕೆಲವ್ರಿಗೆ ವಾಪಸ್ ಬರುತ್ತೆ. ಯೋಚ್ನೆ ಮಾಡಿ ಹೇಳಿ" ಎಂದಿದ್ದರು.

ಯೋಚಿಸಲು ಮುನಿಯಣ್ಣನಿಗೆ ತಿಳಿದದ್ದು ಒಂದೇ. ಬಡಿತ ಹೀಗೇ ಇದ್ದರೆ ಲಕ್ವ ಹೊಡೆಯಬಹುದು. ಲಕ್ವ ಹೊಡೆದು ಮಾತು ನಿಂತ ಅಪ್ಪನ ಬಾಯಿಗೆ ಗಂಜಿ ಹಾಕಿದ ಕೈ ಅವನದು. ಆವತ್ತೇ ಅವನು, ಬಲೂನಿನ ಚಿಕಿತ್ಸೆ ಆಗಲೇ ಮುಗಿಸಿಕೊಂಡಿದ್ದ ಗಯಾಸನಿಗೆ ಫೋನ್ ಮಾಡಿದ.

"ನಂದು ಗಡಿಯಾರದ ಥರ ಹೊಡ್ಕೋತಿದೆ ಕಣೋ. ಕಣ್ಮುಚ್ಕೊಂಡು ಅದ್ನೇ ಮಾಡ್ಸು. ರೈಟ್" ಎಂದು ಗಯಾಸ್ ನಕ್ಕಿದ್ದ. ಮಾರನೆಯ ದಿನವೇ ಮುನಿಯಣ್ಣ ಬಲೂನಿಗೆ ಒಪ್ಪಿಕೊಂಡ, ಮಾಡಿಸಿಕೊಂಡದ್ದೂ ಆಯಿತು.

ಈಗ ಅವನು ಗೆಳೆಯನ ಪಕ್ಕದಲ್ಲಿ ಕೂರದೆ ಎದುರಿಗೇ ನಿಂತ.

"ನಿಂದು ಯಾವಾಗ ಕೆಟ್ಟಿದ್ದು?"

"ಮಾಡಿಸಿ ನಾಕು ತಿಂಗಳಿಗೆ."

"ನಾನು ಫೋನ್ ಮಾಡ್ದಾಗ?"

"ಕೆಟ್ಟಿತ್ತು." ಗಯಾಸ್ ತಲೆ ಎತ್ತಲಿಲ್ಲ. "ನಿಜ ಹೇಳಿದ್ರೆ ನೀನು ಹೆದರ್ಕೊಂಡು ಯಾವ್ದೂ ಮಾಡಿಸ್ತಿರ್ಲಿಲ್ಲ, ಮುನಿಯಣ್ಣ."

ಮುನಿಯಣ್ಣ ತನ್ನ ಇಸಿಜಿ ಪಟ್ಟಿಯನ್ನು ಅವನ ಮುಂದೆ ಹಿಡಿದ. ಅದನ್ನು ನೋಡಿ ಗಯಾಸ್ ಉಳಿದದ್ದನ್ನೂ ಹೇಳಿಬಿಟ್ಟ.

"ನನ್ಗೆ ಇನ್ನೊಂದ್ಸಲ ಆ ಟೇಬಲ್ ಮೇಲೆ ಮಲಗೋ ಧೈರ್ಯ ಇರ್ಲಿಲ್ಲ ಕಣೋ. ಅದೇ ಬಲೂನಲ್ಲಿ ನಿನ್ಗಾದ್ರೂ ಸರಿಹೋಗ್ಲಿ, ಆಮೇಲೆ ನಾನು ಮಾಡಿಸ್ಕೊಳ್ಳೋಣ ಅನ್ಕೊಂಡೆ. ಹೋದ್ ತಿಂಗ್ಳು ನೀನು ಚೆನ್ನಾಗಿದೀನಿ ಅಂದ್ಯಲ್ಲ, ಅದಕ್ಕೇ ಡೇಟ್ ತಗೊಂಡೆ."

"ಅಂದ್ರೆ ಮೊದ್ಲು ನನ್ನ ಬಿಟ್ಟು ನೋಡ್ದೆ."

ಇನ್ನೊಂದು ದಾರಿ ಹಿಡಿದಿದ್ದರೂ ಹೀಗೇ ಆಗಬಹುದಿತ್ತು. ಅದು ಮುನಿಯಣ್ಣನಿಗೆ ಗೊತ್ತಿಲ್ಲದ್ದೇನಲ್ಲ. ಅವನ ಸಂಕಟ ಅದಕ್ಕಲ್ಲ.

"ನೀನು ಹೋಲ್ಡಾನ್ ಅನ್ಬೇಕಿತ್ತು ಕಣೋ" ಎಂದಷ್ಟೇ ಹೇಳಿ ಮೆಟ್ಟಿಲ ಕಡೆ ನಡೆದ.

"ಡಾಕ್ಟರ್‌ನ ನೋಡ್ಕೊಂಡ್ ಹೋಗು ಮುನಿಯಣ್ಣ."

"ಇನ್ಮೇಲೆ ನೀನು ನನ್ಗೇನೂ ಹೇಳ್ಬೇಡ."

ಹೆಬ್ಬಾಳದ ಸ್ಟಾಪಿನಲ್ಲಿ ವಿದ್ಯಾರಣ್ಯಪುರದ ಬಸ್ಸು ಸಿಕ್ಕಿತು. ಮುನಿಯಣ್ಣ ಮುಂದಿನ ಬಾಗಿಲಿನಿಂದ ಹತ್ತಿ ಹಿರಿಯರ ಸೀಟಿನಲ್ಲಿ ಕುಳಿತ. ಕಿಟಕಿಯಲ್ಲಿ ನೋಡಿದರೆ ಗಯಾಸ್ ಏದುಸಿರು ಬಿಡುತ್ತ ಹಿಂದಿನ ಬಾಗಿಲ ಕಡೆಗೆ ಬರುತ್ತಿದ್ದ. ಅವನ ಮನೆ ಇರುವುದು ಆರ್.ಟಿ. ನಗರದಲ್ಲಿ, ಈ ಬಸ್ಸು ಅತ್ತ ಹೋಗುವುದೇ ಇಲ್ಲ.

"ರೈಟ್" ಎಂದ ಕಂಡಕ್ಟರು. ಡ್ರೈವರ್ ಗೇರ್ ಹಾಕಿದ.

ಮುನಿಯಣ್ಣ ಕತ್ತು ಪೂರ್ತಿ ತಿರುಗಿಸಿ ಹಿಂದಿನ ಬಾಗಿಲನ್ನು ನೋಡಿದ. ಗಯಾಸ್ ಹತ್ತಿದ್ದ. ಬಾಯಿ ತೆರೆದು ಉಸಿರೆಳೆಯುತ್ತ, ಒಂದೊಂದೇ ಸೀಟಿನ ಹಿಡಿ ಹಿಡಿದು ಮುಂದೆ ಬರುತ್ತಿದ್ದ. ಮುನಿಯಣ್ಣ ಮುಖ ತಿರುಗಿಸಿ, ಗಯಾಸ್ ಬಂದು ಕೂರದಂತೆ ಪಕ್ಕದ ಖಾಲಿ ಸೀಟಿನ ಮೇಲೆ ತನ್ನ ಫೈಲನ್ನಿಟ್ಟ.